ಬಿಯರ್ ಪ್ರಶ್ನೋತ್ತರ: ಗೋವಿನಜೋಳದಿಂದ ಐಪಿಎವರೆಗೆ

ಅಮೆರಿಕದ ಬಿಯರ್ ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಬರಹ ಓದಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಾಕತ್ತೇನ್ರಿ. ಮೆನು ಕಾರ್ಡಿನ್ಯಾಗ ಲಾಗರ್, ಏಲ್, ಸ್ಟೌಟ್, ವೀಟ್ ಬಿಯರ್ ಅಂತ ಇರತಾವು. ಬಣ್ಣ ನೋಡಿ ಗುರುತು ಹಿಡೀಬಹುದೇನ್ರಿ?
– ವಿದ್ಯಾನಗರ, ಹುಬ್ಬಳ್ಳಿ

ಬಣ್ಣ ನಂಬಬೇಡಿ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ಕಪ್ಪಗಿದ್ದರೂ ಲಾಗರ್. ಕೋಲ್ಷ್ ಬಂಗಾರದ ಬಣ್ಣಕ್ಕಿದ್ದರೂ ಏಲ್ ಈಸ್ಟಿನಲ್ಲಿ ಹುದುಗಿದ್ದು. ಬಣ್ಣ ಬರುವುದು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಎಷ್ಟು ಹುರಿದಿದ್ದಾರೆ ಅನ್ನುವುದರಿಂದ. ಲಾಗರೋ ಏಲೋ ಎಂದು ತೀರ್ಮಾನಿಸುವುದು ಈಸ್ಟ್ ಮತ್ತು ಅದು ಕೆಲಸ ಮಾಡುವ ಉಷ್ಣತೆ.

ಏಲ್ ಈಸ್ಟ್ 16ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಹುದುಗಿ, ಹಣ್ಣಿನ ವಾಸನೆ ಕೊಡುವ ಎಸ್ಟರ್‌ಗಳನ್ನು ಬಿಡುತ್ತದೆ. ಲಾಗರ್ ಈಸ್ಟ್ 8ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ ದುಡಿಯುತ್ತದೆ. ಆಮೇಲೆ ಅದನ್ನು ಸೊನ್ನೆಯ ಆಸುಪಾಸಿನಲ್ಲಿ ವಾರಗಟ್ಟಲೆ ತಣ್ಣಗಿಡುತ್ತಾರೆ. ಹಾಗಾಗಿ ಅದರ ರುಚಿ ಚೊಕ್ಕಟ, ಮಾಲ್ಟ್ ಮತ್ತು ಹಾಪ್ಸ್ (ಬಿಯರಿಗೆ ಕಹಿ, ಸುವಾಸನೆ ಕೊಡುವ ಬಳ್ಳಿಯ ಹೂವು) ಬಿಟ್ಟರೆ ಬೇರೆ ವಾಸನೆ ಕಡಿಮೆ. ಸ್ಟೌಟ್ ಏಲ್‌ಗಳ ಮನೆತನದ್ದು. ಕಾಫಿಯಂಥ ಕಹಿ ಬರುವುದು ಕಪ್ಪಗೆ ಹುರಿದ ಬಾರ್ಲಿಯಿಂದ. ಜರ್ಮನ್ ವೀಟ್ ಬಿಯರಿನಲ್ಲಿ ಕಾಳಿನ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್ ಇರುತ್ತದೆ. ಅದರ ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ ಎರಡೂ ಈಸ್ಟಿನವು. ಯಾರೂ ಬಾಳೆಹಣ್ಣು ಹಾಕಿರುವುದಿಲ್ಲ. ಬೆಲ್ಜಿಯಂನ ವಿಟ್‌ಬಿಯರಿಗೆ ಮಾತ್ರ ನಿಜವಾಗಿಯೇ ಕೊತ್ತಂಬರಿ ಕಾಳು, ಕಿತ್ತಳೆ ಸಿಪ್ಪೆ ಬೀಳುತ್ತವೆ. ಗಿರಾಕಿ ಕೇಳಿದಾಗ ಈ ವ್ಯತ್ಯಾಸ ಹೇಳಲು ಬರಬೇಕು.

ಕೊಡುವ ತಂಪು: ಲಾಗರ್ 4ರಿಂದ 7 ಡಿಗ್ರಿ, ಪೇಲ್ ಏಲ್ (ತಿಳಿ ಬಣ್ಣದ ಏಲ್) ಮತ್ತು ಐಪಿಎ (ಇಂಡಿಯಾ ಪೇಲ್ ಏಲ್) 7ರಿಂದ 10, ಸ್ಟೌಟ್ 10ರಿಂದ 13. ಫ್ರೀಜರಿನಲ್ಲಿಟ್ಟ ಗ್ಲಾಸು ಬೇಡವೇ ಬೇಡ. ಒಳಮೈಯ ಹಿಮದ ಹರಳಿಗೆ ತಗುಲಿ ಬಿಯರ್ ಬುರುಬುರು ಬುರುಗೆದ್ದು ಗ್ಯಾಸು ಕಳೆದುಕೊಳ್ಳುತ್ತದೆ, ಅಷ್ಟು ತಂಪಿಗೆ ನಾಲಿಗೆಯೂ ಮರಗಟ್ಟುತ್ತದೆ.

ನಮ್ಮದು ಗೋವಿನಜೋಳ ಬೆಳಿಯೋ ಸೀಮಿ. ಅಮೆರಿಕದಾಗ ಬಿಯರಿಗೆ ಗೋವಿನಜೋಳ ಹಾಕತಾರ ಅಂತ ಬರದಿದ್ರಿ. ಅದು ಕಲಬೆರಕಿ ಅಲ್ಲೇನು? ಬರೇ ಗೋವಿನಜೋಳದ್ದ ಮಾಡಾಕ ಬರತೈತೇನು? ಬಿಳಿಜೋಳದ್ದು?
– ರಾಣೇಬೆನ್ನೂರು

ಕಲಬೆರಕೆ ಎಂಬ ಮಾತು ಅಮೆರಿಕದಲ್ಲೂ ಬಹಳ ಕೇಳಿಬರುತ್ತದೆ, ಆದರೆ ಅದು ಸರಿಯಲ್ಲ. 1840ರ ದಶಕದಿಂದ ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿ ಊರುಗಳಿಗೆ ಬಂದು ನೆಲೆಸಿದ ಜರ್ಮನ್ ವಲಸಿಗರು ತಮ್ಮ ಲಾಗರ್ ವಿದ್ಯೆಯನ್ನೂ ತಂದರು. ಅಲ್ಲಿ ಸಿಕ್ಕ ಬಾರ್ಲಿ ಮಾತ್ರ ಬೇರೆ. ಯುರೋಪಿನದು ಎರಡು ಸಾಲಿನ ತೆನೆ, ದಪ್ಪ ಕಾಳು. ಅಮೆರಿಕದ್ದು ಆರು ಸಾಲಿನದು: ಕಾಳು ಸಣ್ಣ, ಹೊಟ್ಟು ಜಾಸ್ತಿ, ಪ್ರೋಟೀನೂ ಜಾಸ್ತಿ. ಬರೀ ಅದರಿಂದಲೇ ಬಿಯರ್ ಮಾಡಿ ತಂಪಾಗಿಸಿದರೆ ಪ್ರೋಟೀನು ಮತ್ತು ಹೊಟ್ಟಿನ ಒಗರು ಕೂಡಿ ಬಿಯರ್ ಮಸುಕಾಗುತ್ತಿತ್ತು. ಆದರೆ ಈ ಬಾರ್ಲಿಗೊಂದು ಒಳ್ಳೆಯ ಗುಣವೂ ಇತ್ತು. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಅದರಲ್ಲಿ ತನಗೆ ಬೇಕಾದ್ದಕ್ಕಿಂತ ಹೆಚ್ಚಿದ್ದವು, ಮತ್ತೊಂದು ಕಾಳಿನ ಪಿಷ್ಟವನ್ನೂ ಕರಗಿಸುವಷ್ಟು. ಪಿಷ್ಟ ಹೇರಳವಾಗಿದ್ದು ಪ್ರೋಟೀನು ಕಡಿಮೆ ಸೇರಿಸುವ ಗೋವಿನಜೋಳ, ಅಕ್ಕಿ ಹಾಕಿ ಬ್ರೂವರ್‌ಗಳು, ಅಂದರೆ ಬಿಯರ್ ತಯಾರಕರು, ಮಸುಕನ್ನು ಕಡಿಮೆ ಮಾಡಿದರು. ಅಕ್ಕಿ ಸೇರಿಸಿದ ಬಡ್‌ವೈಸರ್ ಬಂದದ್ದು 1876ರಲ್ಲಿ. ತಿಳಿ ಬಣ್ಣದ, ಹಗುರವಾದ ಅಮೆರಿಕನ್ ಲಾಗರ್ ಎಂಬ ಶೈಲಿ ಅಲ್ಲಿನ ಹೊಲದಿಂದ ಎದ್ದು ಬಂದದ್ದು. ಕಾಳು, ನೀರು, ತಂಪು, ಕಾನೂನು ಈ ನಾಲ್ಕನ್ನು ನೋಡದೆ ಯಾವ ಬಿಯರ್ ಶೈಲಿಯೂ ಅರ್ಥವಾಗುವುದಿಲ್ಲ; ಮುಂದಿನ ಉತ್ತರಗಳಲ್ಲೂ ಇದೇ ಮಾತು ಬರುತ್ತದೆ.

ಈಗ ವಿಧಾನ. ಗೋವಿನಜೋಳವನ್ನು ಇಡಿಯಾಗಿ ಹಾಕುವುದಿಲ್ಲ, ಮೊದಲು ಮೊಳಕೆಯ ಕಣ್ಣು ತೆಗೆಯುತ್ತಾರೆ. ಕಾಳಿನ ಎಣ್ಣೆಯ ಬಹುಪಾಲು ಇರುವುದು ಅಲ್ಲೇ. ಆ ಎಣ್ಣೆ ಬಿಯರಿನ ಬುರುಗನ್ನು ಕೊಲ್ಲುತ್ತದೆ, ದಿನ ಕಳೆದಂತೆ ಕಮಟು ವಾಸನೆ ಬರಿಸುತ್ತದೆ. ಉಳಿದ ಭಾಗವನ್ನು ನುಚ್ಚು ಮಾಡಿ, ತೂಕದ ಶೇ. 10ರಷ್ಟು ಬಾರ್ಲಿ ಮಾಲ್ಟ್ ಸೇರಿಸಿ, ನೀರಿನಲ್ಲಿ 70 ಡಿಗ್ರಿಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ 20ರಿಂದ 30 ನಿಮಿಷ ಕುದಿಸುತ್ತಾರೆ. ಮೊದಲೇ ಆ ಮಾಲ್ಟ್ ಹಾಕದಿದ್ದರೆ ನುಚ್ಚು ಗಟ್ಟಿ ಗಂಜಿಯಾಗಿ ತಳ ಹಿಡಿಯುತ್ತದೆ. ಕುದಿದದ್ದನ್ನು ಬೇರೆ ಪಾತ್ರೆಯಲ್ಲಿರುವ ಬಾರ್ಲಿ ಮ್ಯಾಶಿಗೆ (ಬಿಸಿನೀರಿನಲ್ಲಿ ಕಲಸಿಟ್ಟ ಒಡೆದ ಮಾಲ್ಟ್) ಸುರಿದರೆ ಒಟ್ಟಾರೆ ಶಾಖ 65-67 ಡಿಗ್ರಿಗೆ ಬಂದು ನಿಲ್ಲುತ್ತದೆ. ಹಸಿ ನುಚ್ಚನ್ನು ನೇರ ಮ್ಯಾಶಿಗೆ ಹಾಕಿದರೆ ಅದರ ಪಿಷ್ಟ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಪರೀಕ್ಷೆಗೆ ಬಿಳಿ ತಟ್ಟೆಯ ಮೇಲೆ ಒಂದು ಹನಿ ಮ್ಯಾಶ್, ಅದಕ್ಕೊಂದು ಹನಿ ಅಯೋಡಿನ್: ಕಡುನೀಲಿಗೆ ತಿರುಗಿದರೆ ಪಿಷ್ಟ ಉಳಿದಿದೆ, ಅಯೋಡಿನ್ನಿನ ಕಂದು ಬಣ್ಣವೇ ನಿಂತರೆ ಕೆಲಸ ಮುಗಿದಿದೆ.

ಬರೀ ಗೋವಿನಜೋಳದ್ದು ಈ ವಿಧಾನದಲ್ಲಿ ಆಗುವುದಿಲ್ಲ. ಬೇಯಿಸಿದ ನುಚ್ಚಿಗೆ ತನ್ನದೇ ಕಿಣ್ವವಿಲ್ಲ. ಇನ್ನೊಂದು ತೊಡಕು ಹೊಟ್ಟಿನದು. ಮ್ಯಾಶ್ ಸೋಸುವಾಗ ಬಾರ್ಲಿ ಹೊಟ್ಟೇ ತಳದಲ್ಲಿ ಜರಡಿಯಾಗಿ ಕೂರುತ್ತದೆ. ಅದಿಲ್ಲದಿದ್ದರೆ ಎಲ್ಲ ಮೆತ್ತಿಕೊಂಡು ರಸ ಇಳಿಯುವುದೇ ಇಲ್ಲ. ಅದಕ್ಕೇ ಗೋವಿನಜೋಳದ ಪಾಲು ಸಾಮಾನ್ಯವಾಗಿ ಶೇ. 20ರಿಂದ 40.

ಬಿಳಿಜೋಳದ ಸಂಗತಿ ಬೇರೆ. ಅದನ್ನು ಮೊಳಕೆ ಬರಿಸಿ ಮಾಲ್ಟ್ ಮಾಡಲು ಬರುತ್ತದೆ, ಆಫ್ರಿಕಾದಲ್ಲಿ ಬಹಳ ಹಿಂದಿನಿಂದಲೂ ಜೋಳದ ಬಿಯರ್ ಇದೆ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳು ಜೋಳಕ್ಕೆ ಹೊರಳಿದವು. ಅಮೆರಿಕದಲ್ಲಿ ಗೋಧಿ-ಬಾರ್ಲಿಯ ಗ್ಲುಟೆನ್ ಒಗ್ಗದವರಿಗಾಗಿ 2006ರಲ್ಲಿ ರೆಡ್‌ಬ್ರಿಡ್ಜ್ ಎಂಬ ಜೋಳದ ಬಿಯರ್ ಬಂತು. ತೊಡಕೇನೆಂದರೆ ಜೋಳದ ಪಿಷ್ಟ ಬಿಚ್ಚಿಕೊಳ್ಳಲು 70 ಡಿಗ್ರಿ ದಾಟಬೇಕು, ಅಷ್ಟರಲ್ಲಿ ಅದರ ಕಿಣ್ವಗಳಲ್ಲೊಂದು ಸುಟ್ಟು ಹೋಗಿರುತ್ತದೆ. ಅದಕ್ಕೆ ಮ್ಯಾಶಿನ ತಿಳಿಯನ್ನು ಮೊದಲು ಬಸಿದು ಬೇರೆ ಇಟ್ಟು, ಉಳಿದ ಗಟ್ಟಿಯನ್ನು ಕುದಿಸಿ, ಆರಿಸಿ, ಮತ್ತೆ ತಿಳಿ ಸೇರಿಸುತ್ತಾರೆ. ಎಳೆ ಜೋಳ ಮೇದ ದನ ಉಬ್ಬಸಪಟ್ಟು ಬೀಳುವುದು ನಿಮಗೆ ಗೊತ್ತೇ ಇದೆ. ಅದಕ್ಕೆ ಕಾರಣವಾದ ಧುರಿನ್ ಎಂಬ ವಸ್ತು ಮೊಳಕೆಯಲ್ಲೂ ಇರುತ್ತದೆ, ಒಡೆದರೆ ಸೈನೈಡ್ ಆಗುತ್ತದೆ. ಆದ್ದರಿಂದ ಜೋಳದ ಮಾಲ್ಟ್ ಒಣಗಿಸಿದ ಮೇಲೆ ಮೊಳಕೆಯನ್ನೂ ಬೇರನ್ನೂ ಉಜ್ಜಿ ತೆಗೆದು ತೂರಲೇಬೇಕು.

1920ರಿಂದ 1933ರ ತನಕ ಅಮೆರಿಕದಲ್ಲಿ ಪಾನನಿಷೇಧವಿತ್ತು. ಆ ಅವಧಿಯಲ್ಲಿ ಬ್ರೂವರಿಗಳು ಬದುಕಿದ್ದು ಹೇಗೆ? ನಿಷೇಧ ಹೋದ ಮೇಲೂ ಹಳೆಯ ಬಗೆಬಗೆಯ ಬಿಯರ್ ಏಕೆ ಮರಳಲಿಲ್ಲ?
– ಸಪ್ತಾಪುರ, ಧಾರವಾಡ

ಎರಡನೆಯ ಪ್ರಶ್ನೆ ಬಹಳ ಮುಖ್ಯವಾದದ್ದು, ಅದನ್ನು ಕೇಳುವವರು ಕಡಿಮೆ.

1873ರ ಹೊತ್ತಿಗೆ ಅಮೆರಿಕದಲ್ಲಿ 4 ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದವು, ಹೆಚ್ಚಿನವು ಊರಿನ ಮಟ್ಟದವು. ರೈಲು, ಐಸ್ ಹಾಕಿದ ವ್ಯಾಗನ್, ಪಾಶ್ಚರೀಕರಿಸಿದ ಬಾಟಲಿ ಬಂದಂತೆ ದೊಡ್ಡವು ದೂರದ ಊರುಗಳಿಗೂ ಮಾಲು ಕಳಿಸಿದವು. ನಿಷೇಧಕ್ಕೆ ಮುಂಚೆಯೇ ಚಿಕ್ಕವು ಮುಚ್ಚತೊಡಗಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರಿನ ಬ್ರೂವರ್‌ಗಳ ಮೇಲೆ ಜನರ ಸಿಟ್ಟೂ ತಿರುಗಿತು. 1919ರ ಜನವರಿಯಲ್ಲಿ ಸಂವಿಧಾನದ 18ನೇ ತಿದ್ದುಪಡಿಗೆ ರಾಜ್ಯಗಳ ಒಪ್ಪಿಗೆ ಸಿಕ್ಕಿ, 1920ರ ಜನವರಿ 17ರಿಂದ ನಿಷೇಧ ಜಾರಿಯಾಯಿತು. ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದ ಪಾನೀಯವೆಲ್ಲ ನಿಷಿದ್ಧ.

ಬದುಕಿದವರು ಯಂತ್ರ, ಶೀತಲ ಕೋಣೆ, ಮಾಲ್ಟ್ ಇವನ್ನೇ ಬೇರೆ ಕೆಲಸಕ್ಕೆ ಹಚ್ಚಿದರು. ಯೂಂಗ್ಲಿಂಗ್ ಐಸ್‌ಕ್ರೀಮ್ ಮಾಡಿತು, ಪ್ಯಾಬ್ಸ್ಟ್ ಚೀಸ್ ಮಾಡಿತು, ಕೂರ್ಸ್ ಮಾಲ್ಟ್ ಬೆರೆಸಿದ ಹಾಲಿನ ಪುಡಿ ಮತ್ತು ಪಿಂಗಾಣಿ, ಆನ್‌ಹೈಸರ್-ಬುಷ್ ಬ್ರೆಡ್ಡಿನ ಈಸ್ಟ್ ಮತ್ತು ಮಾಲ್ಟ್ ಸಿರಪ್. ಅಡುಗೆಗೆಂದು ಮಾರಿದ ಸಿರಪ್ಪಿನ ಡಬ್ಬಿಗಳಲ್ಲಿ ಎಷ್ಟೋ ಮನೆಯ ಬಿಯರ್ ಆದವು. ಬಂಡವಾಳವೂ ದೊಡ್ಡ ಕಟ್ಟಡವೂ ಇದ್ದವರಿಗೆ ಮಾತ್ರ ಇಂಥ ಹೊರಳು ಸಾಧ್ಯವಿತ್ತು. ಊರ ಬ್ರೂವರಿಗಳು ಮುಚ್ಚಿದವು, ಅವುಗಳ ಜೊತೆ ಅವರ ಈಸ್ಟ್ ತಳಿಗಳೂ ಕೈಚಳಕವೂ ಹೋದವು.

1933ರ ಏಪ್ರಿಲ್ 7ಕ್ಕೆ ತೂಕದಲ್ಲಿ ಶೇ. 3.2 ಆಲ್ಕೋಹಾಲಿನ ಬಿಯರಿಗೆ ಅನುಮತಿ ಸಿಕ್ಕಿತು. ಡಿಸೆಂಬರ್ 5ಕ್ಕೆ 21ನೇ ತಿದ್ದುಪಡಿ ನಿಷೇಧವನ್ನೇ ತೆಗೆದುಹಾಕಿತು. ಆದರೆ ಮದ್ಯದ ಅಧಿಕಾರ ರಾಜ್ಯಗಳ ಕೈಗೆ ಹೋಯಿತು. ಬಹುತೇಕ ರಾಜ್ಯಗಳು ತಯಾರಕ, ವಿತರಕ, ಅಂಗಡಿಯವನು ಬೇರೆಬೇರೆಯಾಗಿರಬೇಕೆಂದು ಕಾನೂನು ಮಾಡಿದವು. ತನ್ನ ಬಾಗಿಲಲ್ಲೇ ಮಾರಿ ಬದುಕುತ್ತಿದ್ದ ಚಿಕ್ಕ ಬ್ರೂವರಿಗೆ ಇದು ಕೊಡಲಿಪೆಟ್ಟು. 1935ರ ಜನವರಿಯಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಡಬ್ಬಿ ಬಿಯರ್ ಮಾರಾಟಕ್ಕೆ ಬಂತು. ಮನೆಮನೆಗೆ ಫ್ರಿಜ್ ಬಂದು ಜನ ಬಾರು ಬಿಟ್ಟು ಮನೆಯಲ್ಲಿ ಕುಡಿಯತೊಡಗಿದರು. ಎರಡನೇ ಮಹಾಯುದ್ಧದಲ್ಲಿ ಕಾಳು ಕೊರತೆಯಾಗಿ ಬಿಯರ್ ಇನ್ನಷ್ಟು ತೆಳುವಾಯಿತು, ಟಿವಿ ಜಾಹೀರಾತು ಒಂದೇ ರುಚಿಯನ್ನು ದೇಶಕ್ಕೆಲ್ಲ ಹಂಚಿತು. 1970ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಉಳಿದ ಬ್ರೂವರಿಗಳು ನೂರಕ್ಕಿಂತ ಕಡಿಮೆ.

ತಿರುವು ಬಂದದ್ದೂ ಕಾನೂನಿನಿಂದಲೇ. 1976ರಲ್ಲಿ ಸಣ್ಣ ಬ್ರೂವರಿಗಳ ಮೊದಲ 60 ಸಾವಿರ ಬ್ಯಾರೆಲ್‌ಗಳ ಮೇಲಿನ ಅಬಕಾರಿ ತೆರಿಗೆ ಬ್ಯಾರೆಲ್ಲಿಗೆ 9 ಡಾಲರಿನಿಂದ 7ಕ್ಕೆ ಇಳಿಯಿತು. 1978ರ ಅಕ್ಟೋಬರಿನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡುವುದನ್ನು ಫೆಡರಲ್ ಮಟ್ಟದಲ್ಲಿ ಸಕ್ರಮಗೊಳಿಸಿತು. ಆಮೇಲಿನ ಎಷ್ಟೋ ಬ್ರೂವರಿಗಳನ್ನು ಕಟ್ಟಿದವರು ಮನೆಯ ಒಲೆಯ ಮೇಲೆ ಕಲಿತವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫ್ರಿಟ್ಸ್ ಮೇಟ್ಯಾಗ್ 1965ರಲ್ಲಿ ಮುಚ್ಚುವ ಸ್ಥಿತಿಯ ಆ್ಯಂಕರ್ ಬ್ರೂವರಿ ಕೊಂಡು ಸ್ಟೀಮ್ ಬಿಯರನ್ನು ಉಳಿಸಿದ್ದರು. ಅದು ಐಸ್ ಸಿಗದ ಹಳೆಯ ಕ್ಯಾಲಿಫೋರ್ನಿಯಾದಲ್ಲಿ ಲಾಗರ್ ಈಸ್ಟನ್ನು ಬೆಚ್ಚಗಿನ ಹವೆಯಲ್ಲೇ ಹುದುಗಿಸಿ ಹುಟ್ಟಿದ ಶೈಲಿ. 1976ರಲ್ಲಿ ಸೊನೋಮಾದಲ್ಲಿ ಜ್ಯಾಕ್ ಮೆಕಾಲಿಫ್ ಹಳೆಯ ಡೈರಿ ಸಾಮಾನು ಜೋಡಿಸಿ ನ್ಯೂ ಆಲ್ಬಿಯನ್ ಆರಂಭಿಸಿದರು. ಅದು 1982ರಲ್ಲಿ ಮುಚ್ಚಿತಾದರೂ ದಾರಿ ತೋರಿತು. 1980ರಲ್ಲಿ ಚೀಕೊದಲ್ಲಿ ಸಿಯೆರಾ ನೆವಾಡಾ ಬಂತು. ಇಂದು ಅಮೆರಿಕದಲ್ಲಿ 9 ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ. ಬೇಸರದ ಸಂಗತಿಯೆಂದರೆ, ಅಷ್ಟಕ್ಕೆಲ್ಲ ಬೀಜವಾದ ಆ್ಯಂಕರ್ 2023ರಲ್ಲಿ ಕೆಲಸ ನಿಲ್ಲಿಸಿತು.

ಐಪಿಎಯಲ್ಲಿ ‘ಇಂಡಿಯಾ’ ಇದೆಯಲ್ಲ, ಅದು ನಮ್ಮ ದೇಶದಲ್ಲಿ ಹುಟ್ಟಿದ್ದೇ?
– ಗದಗ

ಅಲ್ಲ. ಇಂಗ್ಲೆಂಡಿನಿಂದ ಇಲ್ಲಿನ ಬ್ರಿಟಿಷರಿಗೆ ಹಡಗಿನಲ್ಲಿ ಬರುತ್ತಿದ್ದ ಪೇಲ್ ಏಲ್ ಅದು. ಹಾಪ್ಸ್ ಕೆಡುವುದನ್ನು ತಡೆಯುತ್ತದೆಂದು ತಿಂಗಳುಗಟ್ಟಲೆ ಪಯಣಕ್ಕೆ ಹೆಚ್ಚು ಹಾಕುತ್ತಿದ್ದರು. ಮೊದಲು ಲಂಡನ್ನಿನ ಬೋ ಬ್ರೂವರಿ, 1820ರ ದಶಕದಿಂದ ಬರ್ಟನ್ ಊರಿನ ಆಲ್ಸಾಪ್, ಬಾಸ್ ಈ ವ್ಯಾಪಾರ ಹಿಡಿದವು. ಇಂದಿನ ಐಪಿಎಯ ಕಿತ್ತಳೆ, ಚಕ್ಕೋತದ ಸುವಾಸನೆ ಮಾತ್ರ ಅಮೆರಿಕದ್ದು. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯನ್ನು ಆ್ಯಂಕರ್ 1975ರ ಲಿಬರ್ಟಿ ಏಲ್‌ನಲ್ಲಿ ಧಾರಾಳವಾಗಿ ಬಳಸಿತು. ಅಮೆರಿಕದ ವರ್ಮಾಂಟ್ ರಾಜ್ಯದ ಕಡೆಯಿಂದ ಹಬ್ಬಿದ ಮಸುಕು ಐಪಿಎಗೆ ಓಟ್ಸ್, ಗೋಧಿ ಹಾಕಿ, ಹುದುಗಿದ ಮೇಲೆ ಹಾಪ್ಸ್ ಸೇರಿಸುತ್ತಾರೆ. ಅದು ಮಸುಕಾಗಿರುವುದು ದೋಷವಲ್ಲ. ಕೆಲವೇ ವಾರಗಳಲ್ಲಿ ಅದರ ವಾಸನೆ ಮಂಕಾಗುತ್ತದೆ, ಆದ್ದರಿಂದ ಡಬ್ಬಿಯ ಮೇಲಿನ ತಾರೀಕು ನೋಡದೆ ಕೊಳ್ಳಬೇಡಿ.

ಬಾರಿನಾಗ ಕೆಲಸ ಮಾಡತೇನ್ರಿ. ಬ್ಯಾಸಗ್ಯಾಗ ಕೆಲವು ಗಿರಾಕಿ ಬಿಯರ್ ವಾಸನಿ ಹೊಡಿತೈತಿ ಅಂತ ವಾಪಸ್ ಮಾಡತಾರ. ತಾರೀಕು ಮುಗದಿರಂಗಿಲ್ಲ. ಡ್ರಾಟ್ ಬಿಯರಂತೂ ಬರೇ ಬುರಗ ಬರತೈತಿ. ಏನ್ ಮಾಡಬೇಕು?
– ಗೋಕುಲ ರಸ್ತೆ, ಹುಬ್ಬಳ್ಳಿ

ಗಿರಾಕಿ ಯಾವ ವಾಸನೆ ಅನ್ನುತ್ತಾರೆ ಕೇಳಿ, ಕಾರಣ ಅದರಲ್ಲೇ ಇದೆ.

ಹಸಿರು ಅಥವಾ ಬಿಳಿ ಬಾಟಲಿಯ ಬಿಯರ್ ಸುಟ್ಟ ರಬ್ಬರಿನಂಥ ಗಬ್ಬು ಹೊಡೆದರೆ ಬೆಳಕು ತಾಗಿದೆ. ಹಾಪ್ಸ್‌ನ ಕಹಿ ಪದಾರ್ಥ ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತದೆ; ಬಿಸಿಲಿನಲ್ಲಿ ಕೆಲವು ನಿಮಿಷ ಸಾಕು, ಟ್ಯೂಬ್‌ಲೈಟಿಗೂ ನಿಧಾನವಾಗಿ ಆಗುತ್ತದೆ. ಕಂದು ಬಾಟಲಿ ಬಹಳಷ್ಟು ತಡೆಯುತ್ತದೆ, ಡಬ್ಬಿ ಪೂರ್ತಿ ತಡೆಯುತ್ತದೆ. ಹಸಿರು ಬಾಟಲಿಗಳನ್ನು ಗಾಜಿನ ಬಾಗಿಲ ಫ್ರಿಜ್ಜಿನ ಮುಂದಿನ ಸಾಲಿನಲ್ಲಿ ಜೋಡಿಸಬೇಡಿ, ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು ಬೇಕಾದಷ್ಟೇ ತೆಗೆಯಿರಿ.

ಒದ್ದೆ ರಟ್ಟಿನ ರುಚಿ ಬಂದರೆ ಅದು ಶಾಖ ಮತ್ತು ಆಮ್ಲಜನಕದ ಕೆಲಸ. ಈ ವ್ಯಾಪಾರದಲ್ಲೊಂದು ಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರಲ್ಲೂ ಬಿಯರ್ ಹೆಚ್ಚುಕಡಿಮೆ ಅಷ್ಟೇ ಹಳತಾಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಗೋದಾಮಿನಲ್ಲಿಟ್ಟ ಮಾಲಿಗೆ ತಾರೀಕು ಎಷ್ಟೇ ಉಳಿದಿದ್ದರೂ ರುಚಿ ಉಳಿಯುವುದಿಲ್ಲ. ಹಳೆಯ ಮಾಲು ಮುಂದೆ, ಹೊಸದು ಹಿಂದೆ. ಬೇಸಿಗೆಯಲ್ಲಿ ವಾರಕ್ಕೆ ಬೇಕಾದಷ್ಟೇ ತರಿಸಿ.

ಡ್ರಾಟ್, ಅಂದರೆ ಕೆಗ್ ಎಂಬ ಪೀಪಾಯಿಯಿಂದ ಪೈಪಿನಲ್ಲಿ ನಲ್ಲಿಗೆ ಬರುವ ಬಿಯರಿನಲ್ಲಿ ಬೆಣ್ಣೆಯ ಅಥವಾ ವಿನೆಗರಿನ ವಾಸನೆ ಬಂದರೆ ಮೊದಲು ಪೈಪನ್ನು ಅನುಮಾನಿಸಿ. 14 ದಿನಕ್ಕೊಮ್ಮೆ ಶೇ. 2ರ ಕಾಸ್ಟಿಕ್ ದ್ರಾವಣವನ್ನು ಪಂಪಿನಿಂದ ಕನಿಷ್ಠ 15 ನಿಮಿಷ ಸುತ್ತಿಸಿ, ಆಮೇಲೆ ನೀರು ಬಿಟ್ಟು ಪಿಎಚ್ ಕಾಗದದಲ್ಲಿ ಕ್ಷಾರ ಪೂರ್ತಿ ಹೋಗಿದೆಯೆಂದು ನೋಡಿದ ಮೇಲಷ್ಟೇ ಬಿಯರ್ ಬಿಡಬೇಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ನಲ್ಲಿಯ ಮೂತಿಯನ್ನು ಬಿಚ್ಚಿ ಬ್ರಷ್‌ನಿಂದ ತಿಕ್ಕಿ, ಕೊಳೆ ಕೂರುವುದು ಅಲ್ಲೇ.

ಬರೀ ಬುರುಗು ಬರಲು ಸಾಮಾನ್ಯ ಕಾರಣ ಶಾಖ. ಕೆಗ್ಗನ್ನು ಕೋಲ್ಡ್ ರೂಮಿಗೆ ಸೇರಿಸಿದ ಮಾತ್ರಕ್ಕೆ ಒಳಗಿನ ಬಿಯರ್ ತಣ್ಣಗಾಗುವುದಿಲ್ಲ, ಪೂರಾ 24 ಗಂಟೆ ಬೇಕು. ಕೆಗ್ 3 ಡಿಗ್ರಿಯಲ್ಲಿದ್ದು ಪೈಪು ಬೆಚ್ಚಗಿನ ಜಾಗದಲ್ಲಿ ಹಾದು ಬಂದರೆ ದಾರಿಯಲ್ಲೇ ಗ್ಯಾಸು ಬಿಟ್ಟುಕೊಳ್ಳುತ್ತದೆ. ಆಗ ಒತ್ತಡ ತಗ್ಗಿಸುವುದು ಎಲ್ಲರೂ ಮಾಡುವ ತಪ್ಪು. ಒತ್ತಡ ತಗ್ಗಿದರೆ ಇನ್ನೂ ಹೆಚ್ಚು ಗ್ಯಾಸು ಬಿಯರಿನಿಂದ ಹೊರಬಂದು ಬುರುಗು ಹೆಚ್ಚುತ್ತದೆ. ಗ್ಲಾಸನ್ನೂ ನೋಡಿ. ಸುರಿದ ಮೇಲೆ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತರೆ ಅಲ್ಲಿ ಜಿಡ್ಡೋ ಸೋಪೋ ಇದೆ. ತೊಳೆದ ಗ್ಲಾಸನ್ನು ಬಟ್ಟೆಯಿಂದ ಒರೆಸದೆ ತಂತಿ ಜಾಳಿಗೆಯ ಮೇಲೆ ಬೋರಲಿಡಿ.

ನಮ್ಮ ಅಳಿಯ ಒರೆಗಾನ್‌ನಲ್ಲಿ ಮನೆಯಲ್ಲೇ ಪೇಲ್ ಏಲ್ ಮಾಡುತ್ತಾನೆ. ಅದು ಹೇಗೆ? ಇಲ್ಲಿಗೆ ಬಂದಾಗಲೂ ಮಾಡಬಹುದೇ?
– ಹಾವೇರಿ

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತಕ್ಕಾದರೂ ಸರಿ. ಅಮೆರಿಕದಲ್ಲಿ ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡಬಹುದು, ಮಾರುವಂತಿಲ್ಲ.

ಅಲ್ಲಿ 20 ಲೀಟರಿಗೆ ಹೀಗೆ ಮಾಡುತ್ತಾರೆ. 4.5 ಕೆ.ಜಿ. ಪೇಲ್ ಮಾಲ್ಟ್, 300 ಗ್ರಾಂ ಕ್ರಿಸ್ಟಲ್ ಮಾಲ್ಟ್ ತರಿತರಿಯಾಗಿ ಒಡೆದು, 73 ಡಿಗ್ರಿಯ 14 ಲೀಟರ್ ನೀರಿಗೆ ಕಲಸಿದರೆ ಮ್ಯಾಶ್ 67 ಡಿಗ್ರಿಗೆ ನಿಲ್ಲುತ್ತದೆ. ಒಂದು ಗಂಟೆ ಮುಚ್ಚಿಡುವುದು. ಹಿಟ್ಟಿನಂತೆ ಒಡೆದರೆ ಸೋಸುವಾಗ ಕಟ್ಟಿಕೊಳ್ಳುತ್ತದೆ. ರಸ ಇಳಿಸಿ, 76 ಡಿಗ್ರಿಯ ನೀರಿನಿಂದ ಕಾಳು ತೊಳೆದು ಒಟ್ಟು 23 ಲೀಟರ್ ಮಾಡಿ, ಒಂದು ಗಂಟೆ ತೆರೆದ ಪಾತ್ರೆಯಲ್ಲಿ ಕುದಿಸುತ್ತಾರೆ. ಮುಚ್ಚಿ ಕುದಿಸಿದರೆ ಬೇಯಿಸಿದ ಗೋವಿನಜೋಳದ ವಾಸನೆ ಉಳಿಯುತ್ತದೆ. ಕುದಿ ಹತ್ತಿದಾಗ ಮ್ಯಾಗ್ನಮ್ ಹಾಪ್ಸ್ 20 ಗ್ರಾಂ, ಕೊನೆಯ 10 ನಿಮಿಷಕ್ಕೆ ಕ್ಯಾಸ್ಕೇಡ್ 30 ಗ್ರಾಂ, ಒಲೆ ಆರಿಸಿದ ಮೇಲೆ ಇನ್ನೊಂದು 30 ಗ್ರಾಂ. ಕಹಿ ಸುಮಾರು 35 ಐಬಿಯು (ಬಿಯರಿನ ಕಹಿ ಅಳೆಯುವ ಮಾನ). ಮಾಮೂಲು ಅಮೆರಿಕನ್ ಲಾಗರಿನದು 8ರಿಂದ 12. ಬೇಗನೆ 18 ಡಿಗ್ರಿಗೆ ತಣಿಸಿ, 11 ಗ್ರಾಂ ಒಣ ಏಲ್ ಈಸ್ಟ್ ಹಾಕಿ, 18-20 ಡಿಗ್ರಿಯಲ್ಲಿ ಎರಡು ವಾರ. ಹುದುಗುವಾಗ ತಾನೇ ಶಾಖ ಬಿಡುವುದರಿಂದ ಒಳಗಿನ ರಸ ಕೋಣೆಗಿಂತ ಬೆಚ್ಚಗಿರುತ್ತದೆ. 25 ದಾಟಿದರೆ ಸ್ಪಿರಿಟಿನ ಘಾಟು ಹತ್ತುತ್ತದೆ.

ಆಲ್ಕೋಹಾಲ್ ಲೆಕ್ಕಕ್ಕೆ ಸಾಂದ್ರತೆಯ ಅಳತೆ ಬೇಕು. ಹುದುಗುವ ಮೊದಲು 1.050, ಕೊನೆಗೆ 1.011 ಬಂದರೆ ವ್ಯತ್ಯಾಸ 0.039ನ್ನು 131.25ರಿಂದ ಗುಣಿಸಿ: ಶೇ. 5.1. ಕೊನೆಯ ಅಳತೆ ಮೂರು ದಿನ ಕದಲದೆ ನಿಂತರೆ ಮಾತ್ರ 120 ಗ್ರಾಂ ಸಕ್ಕರೆ ಕರಗಿಸಿ ಬೆರೆಸಿ ಬಾಟಲಿ ತುಂಬುತ್ತಾರೆ. ಅವಸರ ಮಾಡಿದರೆ ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿ ಗಾಜು ಸಿಡಿಯುತ್ತದೆ. ಕಣ್ಣಿಗೆ ಅಪಾಯವಾಗುವುದು ಹೀಗೆಯೇ.

‘ಕ್ರಾಫ್ಟ್’ ಅಂದರೆ ಎಷ್ಟು ಚಿಕ್ಕದು?
– ಬ್ಯಾಡಗಿ

ಚಿಕ್ಕ, ಸ್ವತಂತ್ರ ಬ್ರೂವರಿಗೆ ‘ಕ್ರಾಫ್ಟ್’ ಅನ್ನುತ್ತಾರೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ತನಕ ಒಪ್ಪುತ್ತದೆ. ಬ್ಯಾರೆಲ್ಲಿಗೆ 117 ಲೀಟರಂತೆ ಅದು ಸುಮಾರು 70 ಕೋಟಿ ಲೀಟರ್, ಚಿಕ್ಕದೇನಲ್ಲ. ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಯ ಪಾಲು ಅದರಲ್ಲಿ ಶೇ. 25ಕ್ಕಿಂತ ಕಡಿಮೆ ಇರಬೇಕು. ಇದು ಒಡೆತನದ ಅಳತೆ, ರುಚಿಯದಲ್ಲ.

ನಮ್ಮ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಇಂಥ ನೀರಿನ ಊರುಗಳಲ್ಲಿ ಎಂಥ ಬಿಯರ್ ಮಾಡುತ್ತಿದ್ದರು?
– ಲಕ್ಷ್ಮೇಶ್ವರ

ಕಪ್ಪು ಬಿಯರ್. ಆ ಹಕ್ಕಳೆ ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ನೀರು ಮ್ಯಾಶಿನ ಪಿಎಚ್ ಏರಿಸುತ್ತದೆ, ಕಿಣ್ವಗಳಿಗೆ ಹಿಡಿಸುವುದು 5.2ರಿಂದ 5.6. ಪಿಎಚ್ ಏರಿದರೆ ಹೊಟ್ಟಿನ ಒಗರು ಇಳಿದು ತಿಳಿ ಬಣ್ಣದ ಬಿಯರ್ ಗಂಟಲು ಕೆರೆಯುವಂತಾಗುತ್ತದೆ. ಕಪ್ಪಗೆ ಹುರಿದ ಮಾಲ್ಟಿಗೆ ಹುಳಿಯ ಗುಣವಿದ್ದು ಅದು ಪಿಎಚ್ ಇಳಿಸುತ್ತದೆ. ಡಬ್ಲಿನ್ ಸ್ಟೌಟ್, ಮ್ಯೂನಿಕ್ಕಿನ ಕಂದು ಲಾಗರ್ ಹಿಡಿದು ನಿಂತದ್ದು ಹೀಗೆ. ಪಿಲ್ಸೆನ್ನಿನದು ತೀರಾ ಮೆದು ನೀರು, ಅಲ್ಲಿ ಬಂಗಾರದ ಬಣ್ಣದ ಪಿಲ್ಸ್‌ನರ್. ಬರ್ಟನ್ನಿನ ನೀರಿನಲ್ಲಿ ಜಿಪ್ಸಂ ಹೆಚ್ಚು, ಅದು ಹಾಪ್ಸ್‌ನ ಕಹಿಯನ್ನು ಹರಿತ ಮಾಡುತ್ತದೆ, ಅಲ್ಲಿ ಐಪಿಎ. ಇಂದು ಆರ್‌ಒ ನೀರಿಗೆ ಜಿಪ್ಸಂ, ಕ್ಯಾಲ್ಸಿಯಂ ಕ್ಲೋರೈಡ್ ತೂಗಿ ಹಾಕಿ ಯಾವ ಊರಿನ ನೀರನ್ನಾದರೂ ಹೋಲುವಂತೆ ಮಾಡುತ್ತಾರೆ. ಕುದಿಸಿ ತಣಿಸಿ ತಿಳಿ ಬಸಿದರೆ ಕಾರ್ಬೊನೇಟಿನ ದೊಡ್ಡ ಪಾಲು ತಳಕ್ಕಿಳಿಯುತ್ತದೆ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬೋರಿನ ನೀರು ಕುಡಿಯುವವರು ಅದನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಬೇಕು.